ಕೈರೋದ ಒಂದು ಬ್ಯಾಡ್ಮಿಂಟನ್ ಅಂಗಣ: ಓದುತ್ತ ಆಡುವವರಿಗೆ ತಕ್ಕ ಜಾಗವೇ?

ಸಂಶೋಧನೆಗೆಂದು ಕೈರೋಗೆ ಬಂದ ಮೊದಲ ತಿಂಗಳಲ್ಲಿ, ಸಂಜೆ ಹೊತ್ತು ಆಡುವುದಕ್ಕೆ ಎಲ್ಲಾದರೂ ಬ್ಯಾಡ್ಮಿಂಟನ್ ಕೋರ್ಟ್ ಸಿಕ್ಕೀತೇ ಎಂದು ನಮ್ಮ ಔಷಧಶಾಸ್ತ್ರ ವಿಭಾಗದ ಹಿರಿಯರೊಬ್ಬರನ್ನು ಕೇಳಿದೆ. ಅವರು ಜಾಗದ ಹೆಸರು ಹೇಳುವುದಕ್ಕೆ ಮೊದಲು ಒಬ್ಬ ಆಟಗಾರ್ತಿಯ ಹೆಸರು ಹೇಳಿದರು: ಹಾದಿಯಾ ಹೊಸ್ನಿ. "ನಮ್ಮ ವಿಷಯದವರೇ" ಎಂದು ಹೆಮ್ಮೆಯಿಂದ ಸೇರಿಸಿದರು. 1988ರಲ್ಲಿ ಹುಟ್ಟಿದ ಹೊಸ್ನಿ 2008ರ ಬೀಜಿಂಗ್ ಮತ್ತು 2012ರ ಲಂಡನ್ ಒಲಿಂಪಿಕ್ಸ್‌ಗಳಲ್ಲಿ ಮಹಿಳೆಯರ ಸಿಂಗಲ್ಸ್ ಆಡಿದವರು. ಒಂಬತ್ತು ವರ್ಷಗಳ ನಂತರ, 2021ರ ಜುಲೈಯಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ಗೆ ದೋಹಾ ಹಾನಿಯವರ ಜೊತೆಗೂಡಿ ಮಹಿಳೆಯರ ಡಬಲ್ಸ್ ಆಡಲು ಮರಳಿದವರು. ಬೀಜಿಂಗ್‌ಗೆ ಹೋದಾಗ ಅವರಿಗೆ ಇಪ್ಪತ್ತು ವರ್ಷ, ಟೋಕಿಯೊದಲ್ಲಿ ಆಡುವಾಗ ಮೂವತ್ತಮೂರು ತುಂಬಲು ಕೆಲವೇ ದಿನಗಳಿದ್ದವು. ಈ ಹದಿಮೂರು ವರ್ಷಗಳ ನಡುವೆ ಅವರು ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಅಧ್ಯಯನ ಮಾಡಿದರು, ಕೈರೋದ ಈಶಾನ್ಯದ ಅಲ್ ಶುರೂಕ್ ಪಟ್ಟಣದಲ್ಲಿರುವ ಬ್ರಿಟಿಷ್ ಯೂನಿವರ್ಸಿಟಿ ಇನ್ ಈಜಿಪ್ಟ್‌ನಲ್ಲಿ ಔಷಧಶಾಸ್ತ್ರದ ಪಾಠವನ್ನೂ ಹೇಳಿದರು.

ಈಜಿಪ್ಟಿನಲ್ಲಿ ತರಬೇತುದಾರರನ್ನೂ ಹಿರಿಯ ಆಟಗಾರರನ್ನೂ 'ಕಾಬ್ತಿನ್' ಎಂದು ಕರೆಯುತ್ತಾರೆ, ವಿಶ್ವವಿದ್ಯಾಲಯದ ಅಧ್ಯಾಪಕಿಯನ್ನು 'ದೊಕ್ತೋರಾ' ಎನ್ನುತ್ತಾರೆ. ಒಬ್ಬರೇ ವ್ಯಕ್ತಿ ಒಂದೇ ದಿನದಲ್ಲಿ ಎರಡು ಹೆಸರಿಗೂ ಓಗೊಡಬೇಕಾದರೆ ಅವರ ದಿನಕ್ಕೆ ಏನೇನು ಬೇಕಾಗುತ್ತದೆ ಎಂಬ ಪ್ರಶ್ನೆ ನನ್ನನ್ನು ಆಗಲೇ ಹಿಡಿದುಕೊಂಡಿತು. ಆ ಹಿರಿಯರು ಕೊನೆಗೆ ತೋರಿಸಿಕೊಟ್ಟ ಅಂಗಣದಲ್ಲಿ ಹದಿನಾಲ್ಕು ತಿಂಗಳು ಆಡಿ, ಅಲ್ಲಿನ ತರಬೇತಿ ಸೇವೆಯನ್ನು ಬಳಸಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ಅದರ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಲೋಪಗಳನ್ನೂ ಹೇಳುವುದಿದೆ, ಅದರಿಂದ ಅಲ್ಲಿ ದುಡಿಯುವವರಿಗೆ ತೊಂದರೆಯಾಗಬಾರದು. ನಾಸರ್ ಸಿಟಿಯ ಕಡೆ, ಮೆಟ್ರೊ ಮೂರನೆಯ ಮಾರ್ಗದ ಸ್ಟೇಡಿಯಂ ನಿಲ್ದಾಣದಿಂದ ನಡೆದುಹೋಗುವಷ್ಟು ದೂರದಲ್ಲಿರುವ, ನಾಲ್ಕು ಕೋರ್ಟ್‌ಗಳ ಅಂಗಣ ಎಂದರೆ ಸಾಕು. ನಾನು ಅದನ್ನು ಅಳೆದದ್ದು ಒಂದೇ ಮಾನದಂಡದಿಂದ: ಹೊಸ್ನಿಯವರಂತೆ ಓದನ್ನೂ ಆಟವನ್ನೂ ಒಟ್ಟಿಗೆ ನಡೆಸಬೇಕೆಂದು ಹೊರಟ ಒಬ್ಬ ವಿದ್ಯಾರ್ಥಿನಿಗೆ ಈ ಜಾಗ ನೆರವಾಗುತ್ತದೆಯೇ, ಅಡ್ಡಿಯಾಗುತ್ತದೆಯೇ?

ಈ ಮಾನದಂಡ ಎಷ್ಟು ಬಿಗಿಯಾದದ್ದು ಎಂಬುದು ಒಲಿಂಪಿಕ್ಸ್ ಅರ್ಹತೆಯ ಲೆಕ್ಕ ನೋಡಿದರೆ ತಿಳಿಯುತ್ತದೆ. ವಿಶ್ವ ರ‍್ಯಾಂಕಿಂಗ್‌ಗೆ ಹಿಂದಿನ 52 ವಾರಗಳಲ್ಲಿ ಆಡಿದ ಪಂದ್ಯಾವಳಿಗಳ ಪೈಕಿ ಅತ್ಯುತ್ತಮವಾದ ಹತ್ತು ಫಲಿತಾಂಶಗಳು ಲೆಕ್ಕಕ್ಕೆ ಬರುತ್ತವೆ. ಆಫ್ರಿಕಾದ ಆಟಗಾರರು ಹೆಚ್ಚಾಗಿ ಆಡುವ ಇಂಟರ್‌ನ್ಯಾಷನಲ್ ಸೀರೀಸ್ ಮಟ್ಟದ ಪಂದ್ಯಾವಳಿಯಲ್ಲಿ ಗೆದ್ದವರಿಗೆ 2,500 ಅಂಕ, ಅದಕ್ಕಿಂತ ಒಂದು ಮೆಟ್ಟಿಲು ಮೇಲಿನ ಇಂಟರ್‌ನ್ಯಾಷನಲ್ ಚಾಲೆಂಜ್‌ನಲ್ಲಿ ಗೆದ್ದವರಿಗೆ 4,000 ಅಂಕ. ಒಂದು ಪಂದ್ಯಾವಳಿ ಎಂದರೆ ಪ್ರಯಾಣವೂ ಸೇರಿ ಸುಮಾರು ಒಂದು ವಾರ ಎಂದುಕೊಂಡರೆ, ಹತ್ತು ಫಲಿತಾಂಶಗಳಿಗೆ ಹತ್ತು ವಾರ ಬೇಕು. ಪಾಠದ ವೇಳಾಪಟ್ಟಿ, ಉತ್ತರಪತ್ರಿಕೆ, ಪ್ರಯೋಗಾಲಯ ಎಲ್ಲವನ್ನೂ ಹೊತ್ತ ಅಧ್ಯಾಪಕಿ ವರ್ಷದಲ್ಲಿ ಹತ್ತು ವಾರ ಊರಲ್ಲಿ ಇರುವುದಿಲ್ಲ ಎಂದರೆ, ಉಳಿದ ನಲವತ್ತೆರಡು ವಾರಗಳ ಒಂದೊಂದು ಸಂಜೆಯೂ ಲೆಕ್ಕಕ್ಕೆ ಬರುತ್ತದೆ. ಟೋಕಿಯೊದ ಮಹಿಳೆಯರ ಡಬಲ್ಸ್‌ನಲ್ಲಿ ಇದ್ದದ್ದು ಹದಿನಾರೇ ಜೋಡಿಗಳು. ಪ್ರತಿ ಖಂಡಕ್ಕೂ ಒಂದು ಜೋಡಿಯಾದರೂ ಇರಬೇಕೆಂಬ ನಿಯಮದಡಿ ಆಫ್ರಿಕಾದಿಂದ ಹಾನಿ ಮತ್ತು ಹೊಸ್ನಿ ಹೋದರು. ಖಂಡಕ್ಕೊಂದು ಸ್ಥಾನ ಎಂದರೆ ಸುಲಭದ ದಾರಿ ಎಂದು ಕೆಲವರು ಹೇಳುವುದನ್ನು ಕೇಳಿದ್ದೇನೆ, ನಾನು ಒಪ್ಪುವುದಿಲ್ಲ. ಇಡೀ ಖಂಡದಲ್ಲಿ ಮೊದಲಿಗರಾಗದೆ ಆ ಸ್ಥಾನ ಸಿಗುವುದಿಲ್ಲ; ಅದೂ ಕೋವಿಡ್‌ನಿಂದಾಗಿ ಅರ್ಹತೆಯ ಅವಧಿಯೇ ಹಿಗ್ಗಿ 2021ರ ಜೂನ್‌ವರೆಗೆ ಎಳೆದಾಡಿದ ಕಾಲದಲ್ಲಿ.

ಹೀಗಾಗಿ ಅಂಗಣದ ಸೇವೆಯಲ್ಲಿ ನಾನು ಮೊದಲು ನೋಡಿದ್ದು ಸಮಯವನ್ನು. ಇಲ್ಲಿ ಕೋರ್ಟ್ ಸಿಗುವುದು ಬೆಳಿಗ್ಗೆ ಆರರಿಂದ ಎಂಟರವರೆಗೆ, ಮತ್ತೆ ರಾತ್ರಿ ಒಂಬತ್ತೂವರೆಯಿಂದ ಹನ್ನೊಂದೂವರೆಯವರೆಗೆ. ನಡುವಿನ ಹೊತ್ತೆಲ್ಲ ಕ್ಲಬ್ಬಿನ ಸದಸ್ಯರ ಮಕ್ಕಳಿಗೆ ಮೀಸಲು. ಹೊರಗಿನವರಿಗೆ ಉಳಿಕೆ ಸಮಯ ಕೊಟ್ಟಿದ್ದಾರೆ ಎಂದು ಮೊದಮೊದಲು ನನಗೆ ಬೇಸರವಾಗಿತ್ತು. ಮೂರು ವಾರ ಕಳೆಯುವಷ್ಟರಲ್ಲಿ, ಪ್ರಯೋಗಾಲಯದಲ್ಲಿ ಕೆಲಸ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ವೇಳೆಯೇ ಇಲ್ಲ ಎಂಬುದು ಅರ್ಥವಾಯಿತು. 37 ಡಿಗ್ರಿಯ ಇನ್‌ಕ್ಯುಬೇಟರಿನಲ್ಲಿ ಬೆಳೆಯುತ್ತಿರುವ ಜೀವಕೋಶಗಳಿಗೆ ಎರಡು ಮೂರು ದಿನಕ್ಕೊಮ್ಮೆ ಪೋಷಕ ದ್ರವ ಬದಲಿಸಲೇಬೇಕು, ಔಷಧ ಕೊಟ್ಟ ಇಷ್ಟು ಗಂಟೆಗೆ ಮಾದರಿ ತೆಗೆಯಬೇಕೆಂದಿದ್ದರೆ ಅಷ್ಟು ಗಂಟೆಗೇ ತೆಗೆಯಬೇಕು. ಸಂಜೆ ಐದಕ್ಕೆ ಮುಗಿಯಬೇಕಾದ ಕೆಲಸ ಎಂಟಕ್ಕೆ ಮುಗಿಯುವುದು ಅಲ್ಲಿ ದಿನನಿತ್ಯದ ಮಾತು. ಬೇರೆ ಕಡೆ ಸಂಜೆ ಐದೂವರೆಗೆ ಕೋರ್ಟ್ ಗೊತ್ತುಮಾಡಿಕೊಂಡವರು ವಾರಕ್ಕೆ ಎರಡು ದಿನ ಹಣ ಕಳೆದುಕೊಳ್ಳುತ್ತಾರೆ. ರಾತ್ರಿ ಒಂಬತ್ತೂವರೆಗೆ ಗೊತ್ತುಮಾಡಿಕೊಂಡವರು ಬಂದೇ ಬರುತ್ತಾರೆ. ಅಲ್ ಶುರೂಕ್ ಕಡೆಯಿಂದ ಬರುವವರಿಗೂ ಈ ವೇಳೆ ಅನುಕೂಲ. 2022ರಲ್ಲಿ ಶುರುವಾದ ಲಘು ರೈಲು ಆ ಪಟ್ಟಣವನ್ನು ಹಾದು ಅದ್ಲಿ ಮನ್ಸೂರ್ ನಿಲ್ದಾಣದವರೆಗೆ ಬರುತ್ತದೆ, ಅಲ್ಲಿ ಇಳಿದು ಮೂರನೆಯ ಮಾರ್ಗದ ಮೆಟ್ರೊ ಹತ್ತಿದರೆ ನೇರ ಸ್ಟೇಡಿಯಂ ನಿಲ್ದಾಣ. ಹೊಸ್ನಿ ಬೀಜಿಂಗ್‌ಗೂ ಲಂಡನ್‌ಗೂ ತಯಾರಾಗುತ್ತಿದ್ದ ಕಾಲದಲ್ಲಿ ಈ ಎರಡು ರೈಲುಗಳೂ ಈ ದಿಕ್ಕಿಗೆ ಇರಲಿಲ್ಲ ಎಂಬುದನ್ನು ಆ ದಾರಿಯಲ್ಲಿ ಬರುವಾಗಲೆಲ್ಲ ನೆನೆಯುತ್ತೇನೆ.

ಎರಡನೆಯದು ಶಟಲ್. ಅರಬ್ಬಿಯಲ್ಲಿ ಬ್ಯಾಡ್ಮಿಂಟನ್ನಿಗೆ 'ಅರ್-ರೀಶಾ ಅತ್-ತಾಯಿರಾ' ಎನ್ನುತ್ತಾರೆ, ಅಂದರೆ ಹಾರುವ ಗರಿ. ಆದರೆ ಕೈರೋದ ಒಣಹವೆ ಗರಿಗೆ ಒಳ್ಳೆಯದಲ್ಲ. ಹದಿನಾರು ಗರಿಗಳನ್ನು ಬಿರಡೆಗೆ ಸಿಕ್ಕಿಸಿದ, ಐದು ಗ್ರಾಮಿನ ಆಸುಪಾಸು ತೂಗುವ ಈ ವಸ್ತು ತೇವ ಆರಿದರೆ ಎರಡು ಸ್ಮ್ಯಾಶ್‌ಗೆ ಮುರಿದುಹೋಗುತ್ತದೆ. ಈ ಅಂಗಣದ ಮೇಲ್ವಿಚಾರಕರು, ಅರವತ್ತರ ಹತ್ತಿರದವರು, ಪ್ರತಿ ರಾತ್ರಿ ಆಟ ಮುಗಿದ ಮೇಲೆ ಮಾಡುವ ಒಂದು ಕೆಲಸವನ್ನು ನಾನು ಪಕ್ಕದಲ್ಲೇ ಕೂತು ನೋಡಿದ್ದೇನೆ. ಚಹಾದ ಕೆಟಲ್‌ನಲ್ಲಿ ನೀರು ಕುದಿಸುತ್ತಾರೆ. ಮರುದಿನಕ್ಕೆ ಬೇಕಾದ ಡಬ್ಬಿಗಳ ಒಂದು ಕಡೆಯ ಮುಚ್ಚಳ ತೆಗೆದು, ಗರಿಯ ಕಡೆಯನ್ನು ಹಬೆಗೆ ಹಿಡಿದು, ಬಾಯಲ್ಲಿ ಐದರವರೆಗೆ ಎಣಿಸಿ, ಹಬೆ ಒಳಗೇ ಉಳಿಯುವಂತೆ ತಟ್ಟನೆ ಮುಚ್ಚುತ್ತಾರೆ. ಬಿರಡೆಗೆ ನೀರು ತಾಕದಂತೆ ಡಬ್ಬಿಯನ್ನು ನೆಟ್ಟಗೆ ನಿಲ್ಲಿಸಿ, ರಾತ್ರಿಯೆಲ್ಲ ಹಾಗೇ ಬಿಡುತ್ತಾರೆ. ಬೆಳಿಗ್ಗೆ ತೆಗೆದಾಗ ಗರಿಯ ದಂಟು ಬಾಗುತ್ತದೆ, ಮುರಿಯುವುದಿಲ್ಲ. ಹಬೆ ಹಿಡಿಸದ ಡಬ್ಬಿಗೂ ಹಿಡಿಸಿದ ಡಬ್ಬಿಗೂ ಆಯಸ್ಸಿನಲ್ಲಿ ಎದ್ದುಕಾಣುವ ವ್ಯತ್ಯಾಸವಿದೆ ಎಂದು ನನ್ನ ಅನುಭವದಿಂದ ಖಂಡಿತ ಹೇಳಬಲ್ಲೆ.

ಇದನ್ನು ಇಷ್ಟು ವಿವರವಾಗಿ ಬರೆಯುವುದಕ್ಕೆ ಕಾರಣ ಹಣ. 2024ರ ಮಾರ್ಚ್ 6ರಂದು ಈಜಿಪ್ಟಿನ ಕೇಂದ್ರ ಬ್ಯಾಂಕ್ ಪೌಂಡನ್ನು ಮಾರುಕಟ್ಟೆಗೆ ಬಿಟ್ಟುಕೊಟ್ಟಾಗ, ಒಂದು ಡಾಲರಿಗೆ ಸುಮಾರು 31 ಇದ್ದ ದರ ಒಂದೇ ದಿನದಲ್ಲಿ 50ರ ಹತ್ತಿರಕ್ಕೆ ಹೋಯಿತು. ಗರಿಯ ಶಟಲ್ ಹೊರದೇಶದಿಂದ ಬರುವ ಸರಕು. ಆ ತಿಂಗಳ ನಂತರ ನಮ್ಮ ಗುಂಪಿನಲ್ಲಿ ಕೋರ್ಟಿನ ಬಾಡಿಗೆಗಿಂತ ಶಟಲ್ ಖರ್ಚೇ ದೊಡ್ಡದಾಯಿತು. ವಿದ್ಯಾರ್ಥಿವೇತನದಲ್ಲಿ ಬದುಕುವವರು ಆಟ ಬಿಡುವುದು ಇಂಥ ಕಡೆಯೇ. ಛಲ ಕಡಿಮೆಯಾಯಿತು ಎಂದು ಹೊರಗಿನವರಿಗೆ ಕಾಣುತ್ತದೆ, ನಿಜಕ್ಕೂ ಖಾಲಿಯಾದದ್ದು ಕಿಸೆ. ಅಂಗಣದವರು ಆಗ ಮಾಡಿದ ಏರ್ಪಾಡು ಮೆಚ್ಚತಕ್ಕದ್ದು. ಪಂದ್ಯಕ್ಕೆ ಮಾತ್ರ ಹೊಸ ಶಟಲ್, ಒಂದೆರಡು ಗರಿ ಮುರಿದವು ಒಂದರ ಹಿಂದೊಂದು ಶಟಲ್ ಎಸೆದು ಆಡಿಸುವ ಮಲ್ಟಿ-ಶಟಲ್ ಡ್ರಿಲ್‌ನ ಬುಟ್ಟಿಗೆ, ಅಲ್ಲೂ ಸವೆದವು ಸರ್ವಿಸ್ ಅಭ್ಯಾಸಕ್ಕೆ ಎಂದು ಮೂರು ಬುಟ್ಟಿ ಮಾಡಿದರು. ಡಬ್ಬಿಯನ್ನು ಇಡಿಯಾಗಿ ಕೊಳ್ಳಲಾಗದವರಿಗೆ ಬಿಡಿಬಿಡಿಯಾಗಿ ಕೊಳ್ಳಲು ಬಿಟ್ಟರು. ಬೇಸಿಗೆಯಲ್ಲಿ 76, ಚಳಿಗಾಲದಲ್ಲಿ 77 ವೇಗದ ಶಟಲ್ ತರಿಸುತ್ತಾರೆ, ಏಕೆಂದರೆ ಬಿಸಿ ಗಾಳಿ ತೆಳುವಾಗಿದ್ದು ಶಟಲ್ ದೂರ ಓಡುತ್ತದೆ, ಸಂಖ್ಯೆ ಕಡಿಮೆಯಿದ್ದಷ್ಟೂ ಶಟಲ್ ನಿಧಾನ. ಹೊಸ ಡಬ್ಬಿ ಒಡೆದಾಗ ನಿಯಮದ ಪ್ರಕಾರ ಹಿಂಬದಿಯ ಗೆರೆಯಿಂದ ಕೆಳಗೈಯಲ್ಲಿ ಪೂರ್ತಿ ಹೊಡೆದು, ಅದು ಆಚೆಯ ಗೆರೆಗೆ 53ರಿಂದ 99 ಸೆಂಟಿಮೀಟರ್ ಈಚೆಗೆ ಬೀಳುತ್ತದೆಯೇ ಎಂದು ನೋಡುವುದನ್ನೂ ತಪ್ಪಿಸುವುದಿಲ್ಲ.

ತರಬೇತಿಯ ಬಗ್ಗೆ ಬರೆಯುವಾಗ ಹೊಸ್ನಿಯವರ ವೃತ್ತಿಜೀವನದ ಒಂದು ತಿರುವನ್ನು ಹೇಳಲೇಬೇಕು. ಮೊದಲ ಎರಡು ಒಲಿಂಪಿಕ್ಸ್‌ಗಳಲ್ಲಿ ಸಿಂಗಲ್ಸ್ ಆಡಿದವರು ಮೂರನೆಯದರಲ್ಲಿ ಡಬಲ್ಸ್ ಆಡಿದರು. ಸಿಂಗಲ್ಸ್ ಕಾಲಿನ ಆಟ: 13.40 ಮೀಟರ್ ಉದ್ದದ ಕೋರ್ಟಿನ ಒಂದು ಅರ್ಧವನ್ನು ಒಬ್ಬರೇ ಕಾಯಬೇಕು, ಅದಕ್ಕೆ ಬೇಕಾದ ದಮ್ಮು ಬರಲು ಬಹಳ ಹೊತ್ತಿನ ಅಭ್ಯಾಸ ಬೇಕು. ಡಬಲ್ಸ್‌ನಲ್ಲಿ ಕಣ್ಣು, ಮಣಿಕಟ್ಟು ಮತ್ತು ಜೊತೆಗಾರ್ತಿಯ ಚಲನೆಯ ಅಂದಾಜು ಹೆಚ್ಚು ಕೆಲಸ ಮಾಡುತ್ತವೆ. ಅವರು ಯಾವ ಕಾರಣಕ್ಕೆ ಹೀಗೆ ಬದಲಾದರು ಎಂದು ಊಹಿಸುವುದು ನನ್ನ ಕೆಲಸವಲ್ಲ. ಆದರೆ ದಿನಕ್ಕೆ ಎರಡೇ ಗಂಟೆ ಸಿಗುವವರಿಗೆ ಈ ದಾರಿ ಎಷ್ಟು ವಿವೇಕದ್ದು ಎಂಬುದನ್ನು ನಾನು ಮೈಯಲ್ಲೇ ಕಂಡುಕೊಂಡೆ. ಇಲ್ಲಿಯ ಕೋಚ್ ಮೊದಲ ದಿನ ನನ್ನ ರ‍್ಯಾಕೆಟ್ ನೋಡಲಿಲ್ಲ, ವಾರದ ವೇಳಾಪಟ್ಟಿ ಕೇಳಿದರು. ಯಾವ ದಿನ ಪ್ರಯೋಗಾಲಯ, ಯಾವ ದಿನ ಪಾಠ, ಎಷ್ಟು ಗಂಟೆ ನಿಂತಿರುತ್ತೀರಿ ಎಂದು ಬರೆದುಕೊಂಡರು. ಇಡೀ ದಿನ ನಿಂತು ಬಂದ ರಾತ್ರಿ ಕಾಲಿನ ಡ್ರಿಲ್ ಇಲ್ಲ. ನೆಟ್ ಬಳಿ ಡ್ರಿಬಲ್, ಸರ್ವಿಸ್, ಡ್ರೈವ್ ಅಷ್ಟೇ. ಕೂತು ಬರೆದ ದಿನ ಶಟಲ್ ಇಲ್ಲದೆ ಕೋರ್ಟಿನ ಆರು ಮೂಲೆಗೂ ಓಡಿ ಬರುವ ಶ್ಯಾಡೋ ಪ್ರಾಕ್ಟೀಸ್. ಜನವರಿ ಮತ್ತು ಜೂನ್‌ನ ಪರೀಕ್ಷೆಯ ವಾರಗಳಲ್ಲಿ ವಿದ್ಯಾರ್ಥಿಗಳಿಗೆ ಮನೆಯಲ್ಲೇ ಮಾಡುವ ಇಪ್ಪತ್ತು ನಿಮಿಷದ ಹಗ್ಗದಾಟ ಮತ್ತು ಮಣಿಕಟ್ಟಿನ ಅಭ್ಯಾಸವನ್ನು ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ, ಆ ವಾರಗಳ ಶುಲ್ಕವನ್ನು ಮುಂದಿನ ತಿಂಗಳಿಗೆ ಹೊಂದಿಸುತ್ತಾರೆ. ಪರೀಕ್ಷೆಗೆಂದು ಎರಡು ವಾರ ತಪ್ಪಿಸಿಕೊಂಡವರನ್ನು ಅವರು ಗದರಿದ್ದನ್ನು ನಾನು ಕಂಡಿಲ್ಲ.

ಈಜಿಪ್ಟಿನ ಪರಿಸ್ಥಿತಿಯಲ್ಲಿ ಇದು ಸಣ್ಣ ವಿಷಯವಲ್ಲ. ಇಲ್ಲಿ ಶಾಲೆಯ ಕೊನೆಯ 'ಸಾನವಿಯ್ಯಾ ಆಮ್ಮಾ' ಪರೀಕ್ಷೆಯ ಅಂಕವೇ ಮಗು ಯಾವ ಕಾಲೇಜು ಸೇರಬೇಕೆಂದು ತೀರ್ಮಾನಿಸುತ್ತದೆ, ವೈದ್ಯಕೀಯ ಮತ್ತು ಔಷಧಶಾಸ್ತ್ರಕ್ಕೆ ಬಹಳ ಹೆಚ್ಚಿನ ಅಂಕ ಬೇಕು. ಚಾಂಪಿಯನ್‌ಶಿಪ್‌ಗಳಲ್ಲಿ ಗೆದ್ದ ಮಕ್ಕಳಿಗೆ 'ಹಾಫಿಜ್ ರಿಯಾದಿ' ಎಂಬ ಕ್ರೀಡಾ ಪ್ರೋತ್ಸಾಹದ ಅಂಕಗಳು ಸಿಗುವುದರಿಂದ ಎಷ್ಟೋ ಮನೆಗಳಲ್ಲಿ ಆಟಕ್ಕೆ ಬೆಂಬಲ ಇರುತ್ತದೆ. ಪರೀಕ್ಷೆ ಮುಗಿದು ಸೀಟು ಸಿಕ್ಕ ಕೂಡಲೇ ಆ ಬೆಂಬಲ ನಿಲ್ಲುತ್ತದೆ, ರ‍್ಯಾಕೆಟ್ ಅಟ್ಟಕ್ಕೆ ಹೋಗುತ್ತದೆ. ಸ್ಕ್ವಾಷ್‌ನಲ್ಲಾದರೆ ಇನ್ನೊಂದು ದಾರಿ ಇದೆ. ಅಲಿ ಫರಾಗ್ ಹಾರ್ವರ್ಡ್‌ನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಲೇ ಕಾಲೇಜು ತಂಡಕ್ಕೆ ಆಡಿ, ಆಮೇಲೆ ವಿಶ್ವ ಚಾಂಪಿಯನ್ ಆದರು. ಅಮೆರಿಕದ ವಿಶ್ವವಿದ್ಯಾಲಯಗಳು ಈಜಿಪ್ಟಿನ ಸ್ಕ್ವಾಷ್ ಆಟಗಾರರನ್ನು ಕರೆದು ಸೇರಿಸಿಕೊಳ್ಳುತ್ತವೆ. ಬ್ಯಾಡ್ಮಿಂಟನ್ನಿಗೆ ಅಂಥ ಬಾಗಿಲು ಇಲ್ಲ. ಕತ್ತಿವರಸೆಯ ನಾದಾ ಹಾಫಿಜ್ ವೈದ್ಯಕೀಯ ಓದಿ ರೋಗನಿದಾನ ತಜ್ಞೆಯಾಗಿದ್ದುಕೊಂಡೇ 2016, 2021 ಮತ್ತು 2024ರ ಒಲಿಂಪಿಕ್ಸ್‌ಗಳಲ್ಲಿ ಆಡಿದರು, ಪ್ಯಾರಿಸ್‌ನಲ್ಲಿ ಏಳು ತಿಂಗಳ ಗರ್ಭಿಣಿಯಾಗಿ ಆಡಿದರು. ಹೊಸ್ನಿ, ಹಾಫಿಜ್ ಇಬ್ಬರ ಬದುಕನ್ನೂ ಜನ ಮನೋಬಲದ ಕಥೆಯಾಗಿ ಹೇಳುತ್ತಾರೆ. ಮನೋಬಲ ಇದ್ದೇ ಇದೆ. ಆದರೆ ಕೆಲಸ ಮುಗಿದ ಮೇಲೆ ಬೆಳಗುವ ದೀಪ, ಬೀಗ ತೆಗೆದು ಕೊಡುವ ಮನುಷ್ಯ, ರಜೆ ಮಂಜೂರು ಮಾಡುವ ವಿಭಾಗ, ಪರೀಕ್ಷೆಯ ದಿನಾಂಕ ಕೇಳಿ ತಿಳಿದುಕೊಳ್ಳುವ ಕೋಚ್ ಇಲ್ಲದಿದ್ದರೆ ಆ ಮನೋಬಲ ಎಲ್ಲಿ ನಿಂತು ಆಡಬೇಕು? ಈ ಅಂಗಣದ ಸೇವೆಗೆ ನಾನು ಇಷ್ಟು ಬೆಲೆ ಕೊಡುವುದು ಅದಕ್ಕೇ.

ಇನ್ನು ಲೋಪಗಳು. ಮೊದಲನೆಯದು ಗಾಳಿ. ಹವಾನಿಯಂತ್ರಣದ ತೂತುಗಳು ಒಂದು ಗೋಡೆಯ ಉದ್ದಕ್ಕೂ ಇರುವುದರಿಂದ ಮೂರನೆಯ ಮತ್ತು ನಾಲ್ಕನೆಯ ಕೋರ್ಟ್‌ಗಳಲ್ಲಿ ಡ್ರಿಫ್ಟ್, ಅಂದರೆ ಗಾಳಿಗೆ ಶಟಲ್ ಸರಿದುಹೋಗುವುದು, ವಿಪರೀತ. ಒಂದು ತುದಿಯಿಂದ ಎತ್ತರಕ್ಕೆ ಹೊಡೆದ ಟಾಸ್ ಹೊರಗೆ ಬೀಳುತ್ತದೆ, ಇನ್ನೊಂದು ತುದಿಯಿಂದ ಅದೇ ಬಲದ ಹೊಡೆತ ಅರ್ಧಕ್ಕೇ ಬೀಳುತ್ತದೆ. ಯಂತ್ರ ನಿಲ್ಲಿಸಿದರೆ ಜುಲೈ, ಆಗಸ್ಟ್‌ನಲ್ಲಿ ಒಳಗೆ ಉಸಿರಾಡಲಾಗದು. ನಾಲ್ಕೂ ಕೋರ್ಟಿಗೆ ಒಂದೇ ಹಣ ತೆಗೆದುಕೊಳ್ಳುವುದು ಸರಿಯಲ್ಲ. ಎರಡನೆಯದು ವಸಂತಕಾಲದಲ್ಲಿ ಮರುಭೂಮಿಯಿಂದ ಬೀಸುವ ಖಮ್ಸೀನ್ ಎಂಬ ಬಿಸಿ ಗಾಳಿಯ ದಿನಗಳ ಧೂಳು. ಮ್ಯಾಟಿನ ಮೇಲೆ ಹಿಟ್ಟಿನಂತೆ ಕೂತ ಧೂಳನ್ನು ಬೆಳಿಗ್ಗೆ ಒರೆಸುತ್ತಾರೆ, ರಾತ್ರಿಯ ಹೊತ್ತಿಗೆ ಮತ್ತೆ ಒರೆಸಬೇಕಾದದ್ದನ್ನು ಒರೆಸುವುದಿಲ್ಲ. ಕಳೆದ ಏಪ್ರಿಲ್‌ನಲ್ಲಿ ಮುಂದಕ್ಕೆ ಚಾಚಿದ ಕಾಲು ಜಾರಿ ನನ್ನ ತೊಡೆಯ ಸ್ನಾಯು ಹಿಡಿದುಕೊಂಡಿತು, ಹದಿನೆಂಟು ದಿನ ಆಡಲಾಗಲಿಲ್ಲ. ಪ್ರಯೋಗಾಲಯದಲ್ಲಿ ನಿಲ್ಲುವುದೂ ಕಷ್ಟವಾಯಿತು. ಎರಡು ಕೆಲಸ ಹೊತ್ತವರಿಗೆ ಗಾಯವಾದರೆ ಎರಡೂ ಕೆಲಸ ಕೆಡುತ್ತವೆ ಎಂಬುದನ್ನು ನಡೆಸುವವರು ಅರ್ಥ ಮಾಡಿಕೊಳ್ಳಬೇಕು.

ಮೂರನೆಯದು ನನಗೆ ಹೆಚ್ಚು ನೋವು ತಂದದ್ದು. ಹೆಂಗಸರ ಬಟ್ಟೆ ಬದಲಿಸುವ ಕೋಣೆಯ ಬಾಗಿಲ ಚಿಲಕ ಐದು ತಿಂಗಳು ಕೆಟ್ಟೇ ಇತ್ತು. ರಾತ್ರಿ ಹನ್ನೊಂದೂವರೆಗೆ ಆಟ ಮುಗಿಸುವ ಹುಡುಗಿಯರು ಒಬ್ಬರಿಗೊಬ್ಬರು ಕಾವಲು ನಿಂತು ಬಟ್ಟೆ ಬದಲಿಸುತ್ತಿದ್ದರು. ಮೂರು ಸಲ ಬರೆದುಕೊಟ್ಟ ಮೇಲೆ ದುರಸ್ತಿಯಾಯಿತು. ರಾತ್ರಿಯ ವೇಳೆಯನ್ನು ಹೆಂಗಸರಿಗೂ ತೆರೆದಿದ್ದೇವೆ ಎನ್ನುವವರು ಚಿಲಕವನ್ನೂ ಮೆಟ್ರೊವರೆಗಿನ ದಾರಿದೀಪವನ್ನೂ ಮೊದಲು ನೋಡಬೇಕು. ಕ್ಲಬ್ಬಿನ ಮಕ್ಕಳ ಪಂದ್ಯಾವಳಿ ಬಂದಾಗ ಹಿಂದಿನ ರಾತ್ರಿ ಸಂದೇಶ ಕಳಿಸಿ ಕೋರ್ಟ್ ರದ್ದು ಮಾಡುವುದೂ ಇದೆ, ಹಣ ಮರಳುವುದು ತಡ. ರ‍್ಯಾಕೆಟ್‌ಗೆ ತಂತಿ ಬಿಗಿಯುವ ಗಟ್ಟಿಂಗ್ ಸೇವೆ ಸಾಧಾರಣ. 24 ಪೌಂಡ್ ಬಿಗಿತ ಕೇಳಿದರೆ ಒಮ್ಮೊಮ್ಮೆ ಸಡಿಲ ಬರುತ್ತದೆ. ಬೆಲೆ ಕಡಿಮೆ ಎಂಬುದು ನಿಜ.

ರಂಜಾನ್ ತಿಂಗಳ ಏರ್ಪಾಡನ್ನು ಮಾತ್ರ ಪ್ರತ್ಯೇಕವಾಗಿ ಹೊಗಳಬೇಕು. ಉಪವಾಸ ಮುರಿದು, ರಾತ್ರಿಯ ತರಾವೀಹ್ ಪ್ರಾರ್ಥನೆ ಮುಗಿದ ಮೇಲೆ ಕೋರ್ಟ್ ತೆರೆದು ನಡುರಾತ್ರಿ ದಾಟಿ ಎರಡರವರೆಗೂ ಇಡುತ್ತಾರೆ. ಆ ತಿಂಗಳು ಇಡೀ ಊರೇ ತಡವಾಗಿ ಏಳುವುದರಿಂದ ಮರುದಿನದ ಪಾಠಕ್ಕೂ ತೊಂದರೆಯಾಗುವುದಿಲ್ಲ. ಮಹಡಿಯ ಮೇಲೆ ಒಂದು ಉದ್ದನೆಯ ಮೇಜು, ನಾಲ್ಕು ಪ್ಲಗ್‌ಗಳು ಇವೆ. ತಮ್ಮ ಸರದಿಗೆ ಕಾಯುವ ವಿದ್ಯಾರ್ಥಿಗಳು ಅಲ್ಲಿ ಓದುತ್ತಾರೆ, ಕೆಳಗೆ ಶೂಗಳ ಕಿರುಗುಟ್ಟುವ ಸದ್ದು ಕೇಳುತ್ತಿರುತ್ತದೆ. ನನ್ನ ಪ್ರಬಂಧದ ಒಂದು ಅಧ್ಯಾಯದ ಅರ್ಧ ಆ ಮೇಜಿನ ಮೇಲೆ ಬರೆದದ್ದು.

ಯಾರಿಗೆ ಹೇಳುತ್ತೇನೆ, ಯಾರಿಗೆ ಬೇಡ ಎನ್ನುತ್ತೇನೆ? ದೇಶದ ತಂಡಕ್ಕೆ ಸೇರಬೇಕೆಂದು ದಿನಕ್ಕೆ ಐದಾರು ಗಂಟೆ ಆಡುವವರಿಗೆ ಇದು ಸಾಲದು. ಡ್ರಿಫ್ಟ್ ಇಲ್ಲದ ಎತ್ತರದ ಸೂರು, ಸಮನಾದ ಎದುರಾಳಿಗಳ ದೊಡ್ಡ ಗುಂಪು ಅವರಿಗೆ ಬೇಕು. ವಾರಕ್ಕೊಮ್ಮೆ ಮೋಜಿಗೆ ಆಡುವವರಿಗೆ ಈ ಶುಲ್ಕ ಹೆಚ್ಚಾಯಿತು. ಕಾಲೇಜಿನಲ್ಲೋ ಪ್ರಯೋಗಾಲಯದಲ್ಲೋ ದಿನ ಕಳೆದು, ಆದರೂ ಆಟವನ್ನು ಪಂದ್ಯದ ಮಟ್ಟದಲ್ಲಿ ಉಳಿಸಿಕೊಳ್ಳಬೇಕು ಎನ್ನುವವರಿಗೆ ಧೈರ್ಯವಾಗಿ ಹೇಳಬಲ್ಲೆ, ಸೇರಿಕೊಳ್ಳಿ. ಒಂದನೆಯ ಅಥವಾ ಎರಡನೆಯ ಕೋರ್ಟ್ ಬೇಕೆಂದು ಮೊದಲೇ ಹೇಳಿ, ಶಟಲ್ ಬಿಡಿಯಾಗಿ ಕೊಳ್ಳಿ, ಗಟ್ಟಿಂಗ್ ಬೇರೆ ಕಡೆ ಮಾಡಿಸಿ.

ನಮ್ಮ ರಾತ್ರಿಯ ಗುಂಪಿನಲ್ಲಿ ಔಷಧಶಾಸ್ತ್ರದ ಎರಡನೆಯ ವರ್ಷದ ಹುಡುಗಿಯೊಬ್ಬಳಿದ್ದಾಳೆ. ಸಾನವಿಯ್ಯಾ ಮುಗಿದ ಮೇಲೆ ಆಟ ಬಿಟ್ಟವಳು, ಒಂದು ವರ್ಷದ ನಂತರ ಈ ಒಂಬತ್ತೂವರೆಯ ವೇಳೆ ಇದೆ ಎಂದು ತಿಳಿದು ಮರಳಿ ಬಂದಳು. ಮಡಿಸಿದ ಬಿಳಿ ಕೋಟನ್ನು ರ‍್ಯಾಕೆಟ್ ಚೀಲದ ಪಕ್ಕದ ಜೇಬಿನಲ್ಲಿ ತುರುಕಿಕೊಂಡು ಬರುತ್ತಾಳೆ. ಔಷಧಶಾಸ್ತ್ರದ ವಿದ್ಯಾರ್ಥಿನಿಯರನ್ನೂ ಇಲ್ಲಿ ಈಗಲೇ ದೊಕ್ತೋರಾ ಎನ್ನುವ ರೂಢಿ ಇರುವುದರಿಂದ ಮೇಲ್ವಿಚಾರಕರು ಅವಳನ್ನು ಹಾಗೇ ಕರೆದು, ಹಬೆ ಹಿಡಿಸಿದ ಡಬ್ಬಿಯನ್ನು ಕೈಗೆ ಕೊಡುತ್ತಾರೆ. ಕಳೆದ ವಾರ ಅವಳು ಕೋಚ್‌ಗೆ ಬರುವ ತಿಂಗಳ ಪರೀಕ್ಷೆಯ ದಿನಾಂಕಗಳನ್ನು ಬರೆದ ಚೀಟಿ ಕೊಟ್ಟು, ಅದರ ಕೆಳಗೆ ತಾನು ಆಡಬೇಕೆಂದಿರುವ ಮೊದಲ ಡಬಲ್ಸ್ ಪಂದ್ಯಾವಳಿಯ ದಿನಾಂಕವನ್ನೂ ಬರೆದಿದ್ದಳು. ನಾನು ಇನ್ನೂ ಆರು ತಿಂಗಳಿಗೆ ಶುಲ್ಕ ಕಟ್ಟಿದ್ದೇನೆ, ಆ ಪಂದ್ಯಾವಳಿಯವರೆಗೆ ಅವಳ ಜೊತೆ ಅಭ್ಯಾಸಕ್ಕೆ ನಿಲ್ಲಲು ಒಪ್ಪಿಕೊಂಡಿದ್ದೇನೆ.